ಸಣ್ಣಪುಟ್ಟ ತೊಂದರೆ ಹಾಗೂ ಬಾಯಿಯ ಸಾಮಾನ್ಯ ಕಾಯಿಲೆಗಳಿಗೆ ಔಷಧ ಅಂಗಡಿಯ ಸಲಹೆ: ಒಂದು ವಿಶ್ಲೇಷಣೆ

1. ಪೀಠಿಕೆ

ನೆಗಡಿ, ಕೆಮ್ಮು, ತಲೆನೋವು, ಎದೆಯುರಿ, ಬಾಯಿಹುಣ್ಣು, ವಸಡಿನಲ್ಲಿ ರಕ್ತ, ಹಲ್ಲುನೋವು ಮುಂತಾದ ತೊಂದರೆಗಳು ಕಾಣಿಸಿಕೊಂಡಾಗ ಸಾರ್ವಜನಿಕರು ವೈದ್ಯರಲ್ಲಿಗೆ ಹೋಗುವ ಮೊದಲು ಸಮೀಪದ ಔಷಧ ಅಂಗಡಿಗೆ ಹೋಗುವುದು ರೂಢಿಯಲ್ಲಿದೆ. ಅಲ್ಲಿ ಸರದಿ ಚೀಟಿ ಬೇಕಾಗಿಲ್ಲ, ಸಲಹಾ ಶುಲ್ಕವಿಲ್ಲ, ಕೂಲಿ ಕೆಲಸ ಬಿಟ್ಟು ಅರ್ಧ ದಿನ ಕಾಯುವ ಅಗತ್ಯವೂ ಇಲ್ಲ. ಈ ಕಾರಣಗಳಿಂದ ಔಷಧ ಅಂಗಡಿಯು ಬಹುಪಾಲು ಕುಟುಂಬಗಳಿಗೆ ಆರೋಗ್ಯ ಸೇವೆಯ ಮೊದಲ ಮೆಟ್ಟಿಲಾಗಿದೆ.

ಆದರೆ ಈ ಮೊದಲ ಮೆಟ್ಟಿಲಿನಲ್ಲಿ ಫಾರ್ಮಾಸಿಸ್ಟರು ಏನು ಮಾಡಬಹುದು, ಏನು ಮಾಡುವಂತಿಲ್ಲ ಎಂಬ ಬಗ್ಗೆ ಸಾರ್ವಜನಿಕರಲ್ಲಿ ಸಾಕಷ್ಟು ತಿಳಿವಳಿಕೆ ಇಲ್ಲ. ವೈದ್ಯರ ಚೀಟಿ ತಂದವರಿಗೆ ಔಷಧ ನೀಡುವ ವಿಧಾನವನ್ನು ಕಾನೂನು ವಿವರವಾಗಿ ಹೇಳಿದೆ. ಚೀಟಿ ಇಲ್ಲದೆ "ಬಾಯಲ್ಲಿ ಹುಣ್ಣಾಗಿದೆ, ಏನಾದರೂ ಕೊಡಿ" ಎಂದು ಕೇಳುವವರ ವಿಷಯದಲ್ಲಿ ಅಷ್ಟು ವಿವರ ಇರುವುದಿಲ್ಲ. ಈ ಅಂತರದಿಂದ ಉಂಟಾಗುವ ಪರಿಣಾಮಗಳನ್ನು ಇತ್ತೀಚಿನ ಬೆಳವಣಿಗೆಗಳ ಹಿನ್ನೆಲೆಯಲ್ಲಿ ಪರಿಶೀಲಿಸಿ, ನಾಗರಿಕರು ಅನುಸರಿಸಬಹುದಾದ ಕ್ರಮಗಳನ್ನು ಇಲ್ಲಿ ನೀಡಲಾಗಿದೆ.

2. ಕಾನೂನಿನ ಚೌಕಟ್ಟು

ಔಷಧಗಳ ಮಾರಾಟವನ್ನು ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ 1940 ಹಾಗೂ ಅದರಡಿ ರಚಿಸಲಾದ 1945ರ ನಿಯಮಗಳು ನಿಯಂತ್ರಿಸುತ್ತವೆ. ಸದರಿ ನಿಯಮಗಳ 65ನೇ ನಿಯಮದ ಪ್ರಕಾರ, ವೈದ್ಯರ ಚೀಟಿಯ ಮೇಲೆ ನೀಡುವ ಔಷಧವನ್ನು ನೋಂದಾಯಿತ ಫಾರ್ಮಾಸಿಸ್ಟರು ಸ್ವತಃ ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿಯೇ ನೀಡತಕ್ಕದ್ದು. ಔಷಧಗಳನ್ನು ಈ ಕೆಳಕಂಡಂತೆ ವಿಂಗಡಿಸಿ ತಿಳಿಯಬಹುದಾಗಿದೆ.

(ಅ) ಅನುಸೂಚಿ ಹೆಚ್: ಇದರಲ್ಲಿ ಐನೂರಕ್ಕೂ ಹೆಚ್ಚು ಔಷಧಗಳಿವೆ. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಇವುಗಳನ್ನು ಚಿಲ್ಲರೆಯಾಗಿ ಮಾರುವಂತಿಲ್ಲ. ಅಮಾಕ್ಸಿಸಿಲಿನ್, ಮೆಟ್ರೋನಿಡಜೋಲ್ ಮುಂತಾದ ಆಂಟಿಬಯೋಟಿಕ್‌ಗಳು ಈ ಗುಂಪಿಗೆ ಸೇರುತ್ತವೆ.

(ಆ) ಅನುಸೂಚಿ ಹೆಚ್1: 2014ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಪ್ರಬಲ ಆಂಟಿಬಯೋಟಿಕ್‌ಗಳು, ಕ್ಷಯರೋಗದ ಔಷಧಗಳು ಹಾಗೂ ಚಟ ಹಿಡಿಸುವ ಕೆಲವು ಔಷಧಗಳು ಇದರಲ್ಲಿವೆ. ಚೀಟಿ ಬರೆದ ವೈದ್ಯರು, ರೋಗಿ, ಔಷಧ ಹಾಗೂ ಪ್ರಮಾಣದ ವಿವರಗಳನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ 3 ವರ್ಷ ಕಾಯ್ದಿಡಬೇಕಾಗಿರುತ್ತದೆ.

(ಇ) ಅನುಸೂಚಿ ಕೆ: ಕೆಲವು ಔಷಧಗಳಿಗೆ ಷರತ್ತುಬದ್ಧ ವಿನಾಯಿತಿ ನೀಡುತ್ತದೆ. ಇದರ 13ನೇ ನಮೂದಿನ ಪ್ರಕಾರ, 1000ಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಹಳ್ಳಿಗಳಲ್ಲಿ ಪ್ಯಾರಾಸಿಟಮಾಲ್ ಮಾತ್ರೆ, ನೋವಿನ ಮುಲಾಮು, ಆಮ್ಲಶಾಮಕ, ಹತ್ತಿ, ಬ್ಯಾಂಡೇಜ್ ಮುಂತಾದ ಗೃಹೋಪಯೋಗಿ ಔಷಧಗಳನ್ನು ತಯಾರಕರ ಮೂಲ ಪೊಟ್ಟಣ ತೆರೆಯದೆ ಲೈಸೆನ್ಸ್ ಇಲ್ಲದ ಅಂಗಡಿಯಲ್ಲಿಯೂ ಮಾರಬಹುದಾಗಿದೆ.

ಮೇಲ್ಕಂಡ ಅನುಸೂಚಿಗಳಿಗೆ ಸೇರದ ಹಲವು ಔಷಧಗಳನ್ನು ಲೈಸೆನ್ಸ್ ಹೊಂದಿದ ಅಂಗಡಿಯಲ್ಲಿ ಚೀಟಿ ಇಲ್ಲದೆ ಪಡೆಯಬಹುದು. ಹೀಗೆ "ಚೀಟಿ ಬೇಕಾದುದು" ಎಂಬುದಕ್ಕೆ ಪಟ್ಟಿ ಇದೆ. "ಚೀಟಿ ಬೇಡದುದು" ಎಂಬುದು ಆ ಪಟ್ಟಿಯಲ್ಲಿ ಇಲ್ಲದಿರುವುದರಿಂದ ಮಾತ್ರ ತಿಳಿದುಬರುತ್ತದೆ. ಎಷ್ಟು ದಿನ ಬಳಸಬೇಕು, ಯಾವಾಗ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು ಎಂಬುದು ಈ ವಿಂಗಡಣೆಯಿಂದ ತಿಳಿಯುವುದಿಲ್ಲ.

3. ಇತ್ತೀಚಿನ ಬೆಳವಣಿಗೆಗಳು

ಈ ಕೊರತೆಯನ್ನು ತುಂಬುವ ದಿಕ್ಕಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 2022ರ ಮೇ ತಿಂಗಳಲ್ಲಿ ಒಂದು ಕರಡು ಅಧಿಸೂಚನೆಯನ್ನು ಪ್ರಕಟಿಸಿತು. ವೈದ್ಯರ ಚೀಟಿ ಇಲ್ಲದೆ ನೀಡಬಹುದಾದ 16 ಔಷಧಗಳನ್ನು ಅದರಲ್ಲಿ ಹೆಸರಿಸಲಾಗಿತ್ತು. ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಮಾತ್ರೆ, ಕೆಮ್ಮಿನ ಚೀಪುವ ಮಾತ್ರೆ ಇವುಗಳೊಂದಿಗೆ ವಸಡಿನ ಉರಿಯೂತಕ್ಕೆ ಬಳಸುವ ಕ್ಲೋರ್‌ಹೆಕ್ಸಿಡಿನ್ ಬಾಯಿ ಮುಕ್ಕಳಿಸುವ ದ್ರಾವಣವೂ ಅದರಲ್ಲಿ ಸೇರಿತ್ತು. ಚಿಕಿತ್ಸೆ 5 ದಿನಗಳನ್ನು ಮೀರಬಾರದು, ಅಷ್ಟರಲ್ಲಿ ತೊಂದರೆ ಶಮನವಾಗದಿದ್ದಲ್ಲಿ ರೋಗಿಯು ವೈದ್ಯರನ್ನು ಕಾಣಬೇಕು ಎಂಬ ಷರತ್ತು ಅದರ ಮುಖ್ಯ ಅಂಶವಾಗಿತ್ತು. ಔಷಧದ ಹೆಸರಿನಷ್ಟೇ ದಿನಗಳ ಲೆಕ್ಕವೂ ಮುಖ್ಯವೆಂಬುದನ್ನು ಈ ಕರಡು ಎತ್ತಿಹಿಡಿದಿತ್ತು.

2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಸೇವಿಸಿದ ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಮೃತಪಟ್ಟರು. ಸದರಿ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ದ್ರವ್ಯ ಪತ್ತೆಯಾಯಿತು. ಇದು ಮೂಲತಃ ತಯಾರಿಕೆಯ ದೋಷವೇ ಹೊರತು ಅಂಗಡಿಯ ಸಲಹೆಯ ದೋಷವಲ್ಲ. ಆದಾಗ್ಯೂ ಸಾಧಾರಣ ನೆಗಡಿ ಕೆಮ್ಮಿಗೆ ಎಳೆಯ ಮಕ್ಕಳಿಗೆ ಸಿರಪ್ ಬೇಕೇ ಎಂಬ ಪ್ರಶ್ನೆ ಮುನ್ನೆಲೆಗೆ ಬಂದಿತು. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಬರೆಯಬಾರದು ಹಾಗೂ ನೀಡಬಾರದು, 5 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ ಎಂದು ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2025ರ ಅಕ್ಟೋಬರ್‌ನಲ್ಲಿ ಸಲಹಾ ಸೂಚನೆ ನೀಡಿತು. ಅನುಸೂಚಿ ಕೆ 13ನೇ ನಮೂದಿನಿಂದ "ಸಿರಪ್" ಎಂಬ ಪದವನ್ನು ಕೈಬಿಡುವ ಕರಡನ್ನು 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಲಾಯಿತು.

4. ಬಾಯಿಹುಣ್ಣು: ಮೂರು ವಾರಗಳ ಲೆಕ್ಕ

ಬಾಯಿಯ ತೊಂದರೆಗಳಲ್ಲಿ ಅಂಗಡಿಗೆ ಹೆಚ್ಚಾಗಿ ಬರುವುದು ಹುಣ್ಣು. ತುಟಿ, ಕೆನ್ನೆಯ ಒಳಭಾಗ ಅಥವಾ ನಾಲಿಗೆಯ ಅಂಚಿನಲ್ಲಿ ಬರುವ ಸಣ್ಣ, ನೋವುಳ್ಳ ಹುಣ್ಣುಗಳು ಸಾಮಾನ್ಯವಾಗಿ 7ರಿಂದ 14 ದಿನಗಳಲ್ಲಿ ತಾವಾಗಿಯೇ ಮಾಯುತ್ತವೆ. ಇಂತಹ ಸಂದರ್ಭದಲ್ಲಿ ನೋವು ತಗ್ಗಿಸುವ ಲೇಪ, ಉಪ್ಪುನೀರಿನಿಂದ ಮುಕ್ಕಳಿಸುವುದು, ಖಾರ ಕಡಿಮೆ ಮಾಡುವುದು ಸಾಕಾಗುತ್ತದೆ. ಬಿ-ಕಾಂಪ್ಲೆಕ್ಸ್ ಮಾತ್ರೆ ನೀಡುವುದು ವಾಡಿಕೆಯಾಗಿದ್ದರೂ ಪ್ರತಿ ಹುಣ್ಣಿಗೂ ಜೀವಸತ್ವದ ಕೊರತೆಯೇ ಕಾರಣವಲ್ಲ. ಹುಣ್ಣು ಪದೇ ಪದೇ ಬರುತ್ತಿದ್ದಲ್ಲಿ ಕಬ್ಬಿಣ, ಬಿ12 ಅಥವಾ ಫೋಲೇಟ್ ಕೊರತೆ ಇದೆಯೇ ಎಂದು ರಕ್ತ ಪರೀಕ್ಷೆಯಿಂದ ತಿಳಿಯುವುದು ಸೂಕ್ತ.

3 ವಾರಗಳು ಕಳೆದರೂ ಮಾಯದ ಹುಣ್ಣನ್ನು ಸಣ್ಣ ತೊಂದರೆ ಎಂದು ಪರಿಗಣಿಸುವಂತಿಲ್ಲ. ಭಾರತದಲ್ಲಿ ಪುರುಷರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಬಾಯಿಯ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದೆ. ತಂಬಾಕು ಇದರ ಮುಖ್ಯ ಕಾರಣ. ಅಡಿಕೆಯೂ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ವರ್ಗೀಕರಿಸಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧಿಸಲಾಯಿತಾದರೂ ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಅಗಿಯುವ ಅಭ್ಯಾಸ ಇಂದಿಗೂ ಇದೆ.

ಈ ಕ್ಯಾನ್ಸರ್ ಆರಂಭದಲ್ಲಿ ಬಹುತೇಕ ನೋವುರಹಿತವಾಗಿರುತ್ತದೆ. ನೋವಿಲ್ಲದ ಕಾರಣ ರೋಗಿಯು ನಿರ್ಲಕ್ಷಿಸುತ್ತಾರೆ. ನೋವು ಬಂದಾಗ ಲೇಪದಿಂದ ತಾತ್ಕಾಲಿಕ ಶಮನ ಪಡೆಯುತ್ತಾರೆ. ಹೀಗೆ ಒಂದರ ನಂತರ ಒಂದು ಲೇಪ ಖರೀದಿಸುತ್ತ ತಿಂಗಳುಗಳು ಕಳೆಯುವ ಸಂಭವ ಇರುತ್ತದೆ. ಪ್ರತಿ ಖರೀದಿಯೂ ಪ್ರತ್ಯೇಕವಾಗಿ ನೋಡಿದರೆ ನಿಯಮಬದ್ಧವೇ ಆಗಿರುತ್ತದೆ. ಬೇರೆ ಬೇರೆ ಅಂಗಡಿಗಳಲ್ಲಿ ಖರೀದಿಸಿದಲ್ಲಿ ಇದು ನಾಲ್ಕನೆಯ ಲೇಪ ಎಂಬುದು ಯಾವ ಫಾರ್ಮಾಸಿಸ್ಟರಿಗೂ ತಿಳಿಯುವುದಿಲ್ಲ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಖಾರ ತಾಗಿದರೆ ಉರಿ, ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯಿಗೆ ಹಾಕಲಾಗದಷ್ಟು ಬಾಯಿ ಬಿಗಿಯಾಗುವುದು ಇವು ಲೇಪದಿಂದ ಗುಣವಾಗುವ ಲಕ್ಷಣಗಳಲ್ಲ.

5. ಸೇವಿಸುತ್ತಿರುವ ಔಷಧದಿಂದಲೇ ಬರುವ ಬಾಯಿಯ ತೊಂದರೆಗಳು

ಬಾಯಿಯ ಕೆಲವು ತೊಂದರೆಗಳಿಗೆ ರೋಗಿಯು ಬೇರೊಂದು ಕಾಯಿಲೆಗೆ ಸೇವಿಸುತ್ತಿರುವ ಔಷಧವೇ ಕಾರಣವಾಗಿರುತ್ತದೆ. ಪ್ರತಿ ತಿಂಗಳು ಅದೇ ಅಂಗಡಿಯಲ್ಲಿ ಔಷಧ ಪಡೆಯುವವರ ವಿಷಯದಲ್ಲಿ ಫಾರ್ಮಾಸಿಸ್ಟರು ಇದನ್ನು ಎಲ್ಲರಿಗಿಂತ ಮೊದಲು ಗುರುತಿಸಬಹುದಾಗಿದೆ.

ಮೆಥೊಟ್ರೆಕ್ಸೇಟ್: ಸಂಧಿವಾತ ಹಾಗೂ ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ಮಾತ್ರ ಸೇವಿಸುವ ಔಷಧ. ತಪ್ಪಾಗಿ ಪ್ರತಿದಿನ ಸೇವಿಸಿದಲ್ಲಿ ಪ್ರಾಣಾಪಾಯ ಸಂಭವಿಸಬಹುದು. ಬಾಯಿಹುಣ್ಣು ಇದರ ಮೊದಲ ಸೂಚನೆಗಳಲ್ಲಿ ಒಂದು. ಇಂತಹವರಿಗೆ ಹುಣ್ಣಿನ ಲೇಪ ಕೊಟ್ಟು ಕಳುಹಿಸಿದರೆ ಎಚ್ಚರಿಕೆಯ ಗಂಟೆಯನ್ನೇ ನಿಲ್ಲಿಸಿದಂತಾಗುತ್ತದೆ. ಅದೇ ದಿನ ವೈದ್ಯರನ್ನು ಸಂಪರ್ಕಿಸತಕ್ಕದ್ದು.

ಕಾರ್ಬಿಮಜೋಲ್: ಥೈರಾಯ್ಡ್ ಅತಿಸ್ರಾವಕ್ಕೆ ನೀಡುವ ಔಷಧ. ಗಂಟಲು ನೋವು, ಜ್ವರ, ಬಾಯಿಹುಣ್ಣು ಕಾಣಿಸಿಕೊಂಡಲ್ಲಿ ಬಿಳಿ ರಕ್ತಕಣಗಳು ಕುಸಿದಿರುವ ಸಾಧ್ಯತೆ ಇದ್ದು, ತುರ್ತು ರಕ್ತ ಪರೀಕ್ಷೆ ಅಗತ್ಯ.

ಆಸ್ತಮಾದ ಸ್ಟಿರಾಯ್ಡ್ ಇನ್‌ಹೇಲರ್: ಬಳಸಿದ ನಂತರ ಬಾಯಿ ಮುಕ್ಕಳಿಸದಿದ್ದಲ್ಲಿ ಬಿಳಿ ಪದರದ ಶಿಲೀಂಧ್ರ ಸೋಂಕು ಬರುತ್ತದೆ. ಹತೋಟಿಯಲ್ಲಿಲ್ಲದ ಮಧುಮೇಹದಲ್ಲಿಯೂ ಇದು ಕಾಣಿಸುತ್ತದೆ.

ಅಮ್ಲೋಡಿಪಿನ್, ನಿಫೆಡಿಪಿನ್, ಫೆನಿಟಾಯಿನ್: ರಕ್ತದೊತ್ತಡ ಹಾಗೂ ಅಪಸ್ಮಾರಕ್ಕೆ ನೀಡುವ ಈ ಔಷಧಗಳಿಂದ ಕೆಲವರಲ್ಲಿ ವಸಡು ದಪ್ಪವಾಗಿ ಬೆಳೆಯುತ್ತದೆ. ಔಷಧವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

6. ಹಲ್ಲುನೋವು ಮತ್ತು ಆಂಟಿಬಯೋಟಿಕ್

ಹಲ್ಲುನೋವಿಗೆ ಒಂದೆರಡು ದಿನಗಳ ಆಂಟಿಬಯೋಟಿಕ್ ಹಾಗೂ ನೋವಿನ ಮಾತ್ರೆ ಕೇಳುವುದು ಸಾಮಾನ್ಯ. ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದಾಗಿ, ಚೀಟಿ ಇಲ್ಲದೆ ಆಂಟಿಬಯೋಟಿಕ್ ನೀಡುವುದು ನಿಯಮಬಾಹಿರ. ಎರಡನೆಯದಾಗಿ, ಹುಳುಕಿನಿಂದ ಹಲ್ಲಿನ ತಿರುಳು ಊದಿಕೊಂಡು ಬರುವ ನೋವು ಆಂಟಿಬಯೋಟಿಕ್‌ನಿಂದ ಗುಣವಾಗುವುದಿಲ್ಲ. ಅದಕ್ಕೆ ದಂತವೈದ್ಯರ ಕೈಚಿಕಿತ್ಸೆಯೇ ಬೇಕು. ಮಾತ್ರೆಯಿಂದ ನೋವು ತಗ್ಗಿದಂತೆ ಕಂಡರೂ ಹುಳುಕು ಮುಂದುವರಿಯುತ್ತಲೇ ಇರುತ್ತದೆ. ಅನಗತ್ಯ ಬಳಕೆಯಿಂದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುವ ಅಪಾಯವೂ ಇದೆ.

ಫಾರ್ಮಾಸಿಸ್ಟರು ಚೀಟಿ ಇಲ್ಲವೆಂದು ಆಂಟಿಬಯೋಟಿಕ್ ನಿರಾಕರಿಸಿದಲ್ಲಿ ಅದನ್ನು ಸೇವೆಯ ನಿರಾಕರಣೆ ಎಂದು ಭಾವಿಸಬಾರದು. ದಂತವೈದ್ಯರನ್ನು ಕಾಣುವವರೆಗೆ ವಯಸ್ಕರು ಪ್ಯಾರಾಸಿಟಮಾಲ್ ಬಳಸಬಹುದಾಗಿದ್ದು, ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ಬೇರೆ ಹೆಸರಿನ ಜ್ವರ, ನೆಗಡಿ ಮಾತ್ರೆಗಳಲ್ಲಿಯೂ ಇದೇ ಔಷಧ ಇರುವುದರಿಂದ ಪೊಟ್ಟಣದ ಮೇಲಿನ ಘಟಕಗಳ ಹೆಸರನ್ನು ಓದತಕ್ಕದ್ದು. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳುವುದರಿಂದ ಸುಟ್ಟ ಗಾಯವಾಗುತ್ತದೆ. ಮಳೆಗಾಲದಲ್ಲಿ ಜ್ವರವೂ ಇದ್ದು ಡೆಂಗಿ ಶಂಕೆ ಇದ್ದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಬಳಸಬಾರದು. ಮುಖ ಅಥವಾ ದವಡೆಯ ಕೆಳಭಾಗ ಊದಿಕೊಂಡು ನುಂಗಲು, ಉಸಿರಾಡಲು ಕಷ್ಟವಾದಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

7. ಶಿಶುಗಳು ಮತ್ತು ಮಕ್ಕಳು

ಹಲ್ಲು ಮೂಡುವಾಗ ಮಗುವಿನ ವಸಡಿಗೆ ಮರಗಟ್ಟಿಸುವ ಜೆಲ್ ಸವರುವುದು ಸುರಕ್ಷಿತವಲ್ಲ. ಲಿಗ್ನೊಕೇನ್ ದ್ರಾವಣದ ಬಗ್ಗೆ 2014ರಲ್ಲಿಯೂ, ಬೆಂಜೊಕೇನ್ ಬಗ್ಗೆ 2018ರಲ್ಲಿಯೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ನೀಡಿದೆ. ಕೋಲಿನ್ ಸ್ಯಾಲಿಸಿಲೇಟ್ ಜೆಲ್‌ಗಳನ್ನು 16 ವರ್ಷದೊಳಗಿನವರಿಗೆ ಬಳಸಬಾರದೆಂದು ಬ್ರಿಟನ್ 2009ರಲ್ಲಿ ಸೂಚಿಸಿತು. ಶುಭ್ರ ಬೆರಳಿನಿಂದ ವಸಡನ್ನು ಮೃದುವಾಗಿ ಒತ್ತುವುದು ಸಾಕು. ಭಾರತದಲ್ಲಿ ನಿಮೆಸುಲೈಡ್ ಔಷಧವನ್ನು 12 ವರ್ಷದೊಳಗಿನ ಮಕ್ಕಳಿಗೆ 2011ರಲ್ಲಿ ನಿಷೇಧಿಸಲಾಗಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಇರುವ ನೆಗಡಿಯ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು 2023ರ ಡಿಸೆಂಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಕರು ಸೂಚಿಸಿದರು. ದೊಡ್ಡವರಿಗೆ ತಂದ ಔಷಧವನ್ನು ಅಳತೆ ಕಡಿಮೆ ಮಾಡಿ ಮಕ್ಕಳಿಗೆ ನೀಡುವ ಪದ್ಧತಿಯನ್ನು ಕೈಬಿಡತಕ್ಕದ್ದು.

8. ಸಲಹೆಗೆ ಬೆಲೆ ಇಲ್ಲದಿರುವುದು

ಫಾರ್ಮಾಸಿಸ್ಟರು ಲಕ್ಷಣ ಕೇಳಿ ಮೂರು ರೀತಿಯಲ್ಲಿ ಪ್ರತಿಕ್ರಿಯಿಸಬಹುದು: ಔಷಧವಿಲ್ಲದೆ ಸಲಹೆ ಮಾತ್ರ ನೀಡುವುದು, ಚೀಟಿ ಬೇಡದ ಔಷಧ ನೀಡುವುದು, ಇಲ್ಲವೇ ವೈದ್ಯರಲ್ಲಿಗೆ ಕಳುಹಿಸುವುದು. ಇವುಗಳಲ್ಲಿ ಎರಡನೆಯದರಿಂದ ಮಾತ್ರ ಅಂಗಡಿಗೆ ಆದಾಯವಿದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲಿ ಬೆಲೆ ನಿಯಂತ್ರಿತ ಔಷಧಗಳಿಗೆ ಚಿಲ್ಲರೆ ವ್ಯಾಪಾರಿಯ ಲಾಭಾಂಶವನ್ನು ಶೇ. 16 ಎಂದು ನಿಗದಿಪಡಿಸಲಾಗಿದೆ. "ಇದಕ್ಕೆ ಔಷಧ ಬೇಡ" ಎಂದು ಹತ್ತು ನಿಮಿಷ ವಿವರಿಸುವವರಿಗೆ ಏನೂ ದೊರೆಯುವುದಿಲ್ಲ.

ಇದಕ್ಕೆ ಹೋಲಿಕೆಯಾಗಿ ಇಂಗ್ಲೆಂಡಿನ ವ್ಯವಸ್ಥೆಯನ್ನು ಗಮನಿಸಬಹುದು. ಅಲ್ಲಿ 2024ರ ಜನವರಿ 31ರಂದು ಆರಂಭವಾದ "ಫಾರ್ಮಸಿ ಫಸ್ಟ್" ಯೋಜನೆಯಡಿ ಗಂಟಲು ನೋವು, ಕಿವಿನೋವು ಸೇರಿದಂತೆ 7 ತೊಂದರೆಗಳಿಗೆ ಫಾರ್ಮಾಸಿಸ್ಟರೇ ನಿಗದಿತ ವಿಧಾನದಂತೆ ಪರಿಶೀಲಿಸಿ, ಅಗತ್ಯವಿದ್ದಲ್ಲಿ ಆಂಟಿಬಯೋಟಿಕ್ ಸಹ ನೀಡಬಹುದು. ಆರಂಭದಲ್ಲಿ ಪ್ರತಿ ಸಮಾಲೋಚನೆಗೆ 15 ಪೌಂಡ್ ಶುಲ್ಕವನ್ನು ಸರ್ಕಾರಿ ಆರೋಗ್ಯ ಸೇವೆಯೇ ಭರಿಸಿತು. ಅದನ್ನು ಹಾಗೆಯೇ ಇಲ್ಲಿ ಅಳವಡಿಸುವುದು ಸುಲಭವಲ್ಲ. ಅಲ್ಲಿ ಯಾವ ತೊಂದರೆಗೆ ಯಾವ ಪ್ರಶ್ನೆ ಕೇಳಬೇಕೆಂಬುದು ಬರಹದಲ್ಲಿದೆ ಹಾಗೂ ಕೇಳುವ ಕೆಲಸಕ್ಕೆ ಪ್ರತಿಫಲವಿದೆ ಎಂಬ ಅಂಶಗಳು ಮಾತ್ರ ಗಮನಾರ್ಹ.

ಭಾರತದಲ್ಲಿ 2015ರ ಫಾರ್ಮಸಿ ವೃತ್ತಿ ವಿನಿಯಮಗಳು ರೋಗಿಗೆ ತಿಳಿವಳಿಕೆ ನೀಡುವುದನ್ನು ಫಾರ್ಮಾಸಿಸ್ಟರ ಕರ್ತವ್ಯವೆಂದು ಹೇಳಿವೆ. ಪ್ರತಿಫಲವಿಲ್ಲದಿದ್ದರೂ ಈ ಕರ್ತವ್ಯವನ್ನು ಶ್ರದ್ಧೆಯಿಂದ ನಿರ್ವಹಿಸುವವರು ಅನೇಕರಿದ್ದಾರೆ. ಆದರೆ ಜನಸಂದಣಿಯ ವೇಳೆಯಲ್ಲಿ ಕೇಳಬೇಕಾದ ಪ್ರಶ್ನೆ ಕೇಳದೆ ಉಳಿಯುವ ಸಾಧ್ಯತೆ ಇರುವುದರಿಂದ, ಆ ಉತ್ತರಗಳನ್ನು ನಾಗರಿಕರೇ ಸಿದ್ಧವಾಗಿಟ್ಟುಕೊಳ್ಳುವುದು ಒಳಿತು.

9. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

(1) ಅಂಗಡಿಯಲ್ಲಿ ಲೈಸೆನ್ಸನ್ನು ಎದ್ದು ಕಾಣುವಂತೆ ಪ್ರದರ್ಶಿಸಿರಬೇಕು. ಫಾರ್ಮಾಸಿಸ್ಟರು ಬಿಳಿ ಅಂಗಿ ಹಾಗೂ ಹೆಸರು, ನೋಂದಣಿ ಸಂಖ್ಯೆ ಇರುವ ಬಿಲ್ಲೆ ಧರಿಸಿರಬೇಕು. ಸಲಹೆಯನ್ನು ಸಹಾಯಕರಿಂದಲ್ಲದೆ ಅವರಿಂದಲೇ ಪಡೆಯತಕ್ಕದ್ದು.

(2) ಈ ಐದು ವಿಷಯಗಳನ್ನು ಕೇಳದಿದ್ದರೂ ತಿಳಿಸತಕ್ಕದ್ದು: ತೊಂದರೆ ಯಾರಿಗೆ ಮತ್ತು ಅವರ ವಯಸ್ಸೆಷ್ಟು, ಎಷ್ಟು ದಿನಗಳಿಂದ ಇದೆ, ಜ್ವರ, ಊತ, ತೂಕ ಇಳಿಕೆ ಮುಂತಾದ ಬೇರೆ ಲಕ್ಷಣಗಳಿವೆಯೇ, ಈಗಾಗಲೇ ಯಾವ ಔಷಧ ಬಳಸಲಾಗಿದೆ, ನಿತ್ಯ ಸೇವಿಸುವ ಔಷಧಗಳು, ಅಲರ್ಜಿ, ಗರ್ಭಧಾರಣೆ ಹಾಗೂ ತಂಬಾಕು ಸೇವನೆಯ ವಿವರ.

(3) "ಎಷ್ಟು ದಿನಗಳಲ್ಲಿ ಗುಣವಾಗದಿದ್ದರೆ ವೈದ್ಯರನ್ನು ಕಾಣಬೇಕು" ಎಂದು ತಪ್ಪದೆ ಕೇಳಿ, ಆ ದಿನಾಂಕವನ್ನು ರಶೀದಿಯ ಮೇಲೆ ಬರೆದಿಟ್ಟುಕೊಳ್ಳುವುದು. ಸಾಧ್ಯವಾದಷ್ಟು ಒಂದೇ ಅಂಗಡಿಯಲ್ಲಿ ಔಷಧ ಪಡೆಯುವುದು.

(4) 30 ವರ್ಷ ಮೇಲ್ಪಟ್ಟವರಿಗೆ ರಾಷ್ಟ್ರೀಯ ಕಾರ್ಯಕ್ರಮದಡಿ ಬಾಯಿಯ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಲಭ್ಯವಿರುತ್ತದೆ. ತಂಬಾಕು, ಅಡಿಕೆ ಸೇವಿಸುವವರು ತೊಂದರೆ ಇಲ್ಲದಿದ್ದರೂ ಇದನ್ನು ಮಾಡಿಸಿಕೊಳ್ಳುವುದು.

(5) ಔಷಧದಿಂದ ಅಡ್ಡಪರಿಣಾಮ ಉಂಟಾದಲ್ಲಿ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ಯಾವುದೇ ನಾಗರಿಕರು ವರದಿ ಮಾಡಬಹುದು.

(6) ಔಷಧದ ಗುಣಮಟ್ಟದ ಬಗ್ಗೆ ಸಂಶಯವಿದ್ದಲ್ಲಿ, ಅಧಿನಿಯಮದ ಕಲಂ 26ರಂತೆ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಕೋರಬಹುದು. ರಾಜ್ಯದಲ್ಲಿ ಬೆಂಗಳೂರು, ಹುಬ್ಬಳ್ಳಿ ಹಾಗೂ ಬಳ್ಳಾರಿಗಳಲ್ಲಿ ಔಷಧ ಪರೀಕ್ಷಾ ಪ್ರಯೋಗಾಲಯಗಳಿವೆ. ಚೀಟಿ ಇಲ್ಲದೆ ಅನುಸೂಚಿ ಹೆಚ್ ಔಷಧ ಮಾರಾಟವಾಗುತ್ತಿರುವ ಬಗ್ಗೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು. ಅಂಗಡಿಯ ಹೆಸರು, ವಿಳಾಸ, ಖರೀದಿ ದಿನಾಂಕ, ಬ್ಯಾಚ್ ಸಂಖ್ಯೆ ನಮೂದಿಸಿ ರಶೀದಿಯ ಪ್ರತಿ ಲಗತ್ತಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.

10. ಉಪಸಂಹಾರ

ಸಣ್ಣ ತೊಂದರೆಗಳಿಗೆಲ್ಲ ಆಸ್ಪತ್ರೆಗೆ ಹೋಗುವುದು ಕಾರ್ಯಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಫಾರ್ಮಾಸಿಸ್ಟರ ಸಲಹೆಯಿಂದ ಬಹಳಷ್ಟು ಸಂದರ್ಭಗಳಲ್ಲಿ ಸಮಯ ಮತ್ತು ಹಣ ಎರಡೂ ಉಳಿಯುತ್ತವೆ. ಆದರೆ ತೊಂದರೆಯು ಸಣ್ಣದೋ ದೊಡ್ಡದೋ ಎಂಬುದನ್ನು ಅದರ ನೋವಿನಿಂದ ಅಳೆಯಲಾಗದು. ಎಷ್ಟು ದಿನಗಳಿಂದ ಇದೆ, ಯಾರಿಗೆ ಬಂದಿದೆ, ಜೊತೆಗೆ ಇನ್ನೇನಿದೆ ಎಂಬುದರಿಂದಲೇ ಅಳೆಯಬೇಕಾಗಿರುತ್ತದೆ. ಈ ಮಾಹಿತಿಯು ರೋಗಿಯ ಬಳಿಯಲ್ಲಿಯೇ ಇರುವುದರಿಂದ ಅದನ್ನು ಮುಚ್ಚಿಡದೆ ತಿಳಿಸಿ, ಸರಿಯಾದ ಸಲಹೆ ಪಡೆಯಲು ಸಾರ್ವಜನಿಕರನ್ನು ಕೋರಲಾಗಿದೆ.